ಬೆನ್ನ ಹಿಂದಿನ ಚೆಂಡು

ಹೆಸರು ಓದಿದ್ದೇ ತಡ, ಸಿದ್ದೀಕ್ ಬಯೋಡೇಟಾ ಕೆಳಗಿಟ್ಟು ಕುರ್ಚಿಯಿಂದ ಎದ್ದು ನಿಂತುಬಿಟ್ಟ.

“ಲಿಫ್ಟರ್ ಮಾರ್ಸೆಲ್? ತೊಂಬತ್ತೊಂಬತ್ತರ ಇಂಟರ್ ಕಾಲೇಜ್ ವಾಲಿಬಾಲ್ ಫೈನಲ್ ಆಡಿದ ಮಾರ್ಸೆಲ್ ನೀವೇನಾ?”

ಮಾರ್ಸೆಲ್ ತಲೆಯಾಡಿಸಿದ. ಕೊಲ್ಲಿ ದೇಶದ ರಾಸ್ ಅಲ್ ಖೋರಿನಲ್ಲಿ ಸಿದ್ದೀಕ್ ನಡೆಸುವ ಈ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅವನು ಬಂದದ್ದು ಸ್ಟೋರ್‌ಕೀಪರ್ ಕೆಲಸ ಕೇಳಿಕೊಂಡು. ಹದಿನೆಂಟು ವರ್ಷ ದುಡಿದ ಕಂಪನಿ ಬಾಗಿಲು ಹಾಕಿತ್ತು. ವಿಸಿಟ್ ವೀಸಾ ಶನಿವಾರಕ್ಕೆ ಮುಗಿಯುತ್ತದೆ, ಇವತ್ತು ಬುಧವಾರ. ನಲವತ್ತೇಳು ವರ್ಷವಾಯಿತಲ್ಲ ಎಂದು ಹೋದಲ್ಲೆಲ್ಲ ಸಾಗಹಾಕಿದ್ದರು. ಇಲ್ಲಾದರೂ ಒಬ್ಬನಿಗೆ ತನ್ನ ಹಳೆಯ ಆಟ ನೆನಪಿದೆ ಎಂದಾಗ ಅವನಿಗೆ ಹೋದ ಜೀವ ಬಂದಂತಾಯಿತು.

“ಕ್ಲೈವ್, ಬಾ ಇಲ್ಲಿ. ಯಾರು ಬಂದಿದ್ದಾರೆ ನೋಡು,” ಎಂದು ಸಿದ್ದೀಕ್ ಒಳಗಿದ್ದ ಮ್ಯಾನೇಜರನನ್ನು ಕರೆದ. ಮೇಜಿನ ಮೇಲಿದ್ದ ಟೇಪಿನ ಸುರುಳಿಯೇ ಚೆಂಡಾಯಿತು. “ಕೊನೆಯ ಸೆಟ್, ಹದಿನಾಲ್ಕು ಹದಿಮೂರು. ಇಡೀ ಮೈದಾನ ಎಡಕ್ಕೆ ನೋಡ್ತಾ ಉಂಟು. ಬ್ಲಾಕ್ ಮಾಡುವವರೂ ಎಡಕ್ಕೇ ಹಾರಿದರು. ಚೆಂಡು ಎತ್ತಿಕೊಡುವ ಲಿಫ್ಟರ್ ಇವರು, ತಿರುಗಲಿಲ್ಲ, ನೋಡಲಿಲ್ಲ, ಚೆಂಡನ್ನು ಬೆನ್ನ ಹಿಂದಕ್ಕೆ ಎತ್ತಿ ಬಿಟ್ಟರು. ಅಲ್ಲಿ ಇವರ ಟೀಮಿನ ವಿಲ್ಫ್ರೆಡ್ ಒಬ್ಬನೇ. ಕಣ್ಣು ಮುಚ್ಚಿ ಹೊಡೆದರೂ ಪಾಯಿಂಟ್. ನಾನು ಆಗ ಪಿಯುಸಿ, ಖುಷಿಯಲ್ಲಿ ಕಾಂಪೌಂಡ್ ಗೋಡೆಯಿಂದ ಕೆಳಗೆ ಬಿದ್ದೆ.”

“ಇಂಡಿಯಾ ಜರ್ಸಿ ಹಾಕಬೇಕಾದವರು,” ಎಂದ ಕ್ಲೈವ್. “ಸೆಲೆಕ್ಷನಿನಲ್ಲಿ ರಾಜಕೀಯ ಆಯ್ತಂತೆ.”

“ರಾಜಕೀಯ ಅಲ್ಲ ಮಾರಾಯ, ಮೊಣಕಾಲಿನ ಪೆಟ್ಟು,” ಎಂದ ಸಿದ್ದೀಕ್.

ಇಬ್ಬರೂ ಮಾರ್ಸೆಲ್‌ನತ್ತ ತಿರುಗಿದರು. ಆಟ ಯಾಕೆ ಬಿಟ್ಟಿರಿ?

“ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಹೋದೆ,” ಎಂದ ಮಾರ್ಸೆಲ್. ಅದು ನಿಜವೇ. ಆದರೆ ಅಷ್ಟು ಸಪ್ಪೆ ನಿಜ ಅಭಿಮಾನಿಗಳಿಗೆ ರುಚಿಸುತ್ತದೆಯೇ? “ಇವರಿಗೆ ನಿಜ ಹೇಳ್ಲಿಕ್ಕೆ ಮನಸ್ಸಿಲ್ಲ,” ಎಂದು ಕ್ಲೈವ್ ಮೆಲ್ಲಗೆ ಗೊಣಗಿದ.

ಮಾರ್ಸೆಲ್ ಬಯೋಡೇಟಾವನ್ನು ಮತ್ತೆ ಮುಂದಕ್ಕೆ ಸರಿಸಿದ. ಸಿದ್ದೀಕ್ ಅದನ್ನು ಅಷ್ಟೇ ಮರ್ಯಾದೆಯಿಂದ ಹಿಂದಕ್ಕೆ ಸರಿಸಿದ.

“ಛೆ, ನಿಮ್ಮನ್ನು ಗೋಡೌನಿನಲ್ಲಿ ಕೂರಿಸಿ ಬ್ರೇಕ್ ಪ್ಯಾಡ್ ಜೋಡಿಸ್ಲಿಕ್ಕೆ ಹೇಳುವುದಾ? ತಡವಾದರೆ ನಾನು ನಿಮಗೆ ಬಯ್ಯುವುದಾ? ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ. ಭಾನುವಾರ ಮುಹೈಸ್ನಾದಲ್ಲಿ ನಮ್ಮ ಊರಿನವರ ಟೂರ್ನಮೆಂಟ್ ಉಂಟು. ನೀವೇ ಚೀಫ್ ಗೆಸ್ಟ್. ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲ ನನ್ನದು.”

“ಭಾನುವಾರ ನಾನು ಇಲ್ಲಿರುವುದಿಲ್ಲ. ಶನಿವಾರ ವೀಸಾ ಮುಗಿಯುತ್ತದೆ. ಬಯ್ಯುವುದಾದರೆ ಬಯ್ಯಿರಿ, ನನಗೆ ಬೇಸರ ಇಲ್ಲ.”

“ನಿಮಗೆ ಬಯ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ.” ಸಿದ್ದೀಕ್ ಕೈ ಮುಗಿದೇ ಬಿಟ್ಟ. ಮೂದಲಿಕೆಯಲ್ಲ, ನಿಜವಾದ ಭಕ್ತಿ. ಮಾರ್ಸೆಲ್‌ಗೆ ಅದನ್ನು ನೋಡಿಯೇ ಹೆದರಿಕೆಯಾಯಿತು.

“ಹಾಗಾದರೆ ನಿನ್ನೆ ಕೆಲಸ ಕೇಳಿಕೊಂಡು ಬಂದಿದ್ದ ಆ ಪಾಲಕ್ಕಾಡಿನವನಿಗೇ ಹೇಳ್ಲಾ?” ಎಂದು ಕೇಳಿದ ಕ್ಲೈವ್. ಸಿದ್ದೀಕ್ ಹೂಂಗುಟ್ಟಿದ. ಕ್ಲೈವ್ ನಂಬರು ಒತ್ತಿ ಫೋನನ್ನು ಕಿವಿಗಿಟ್ಟ. ಆ ಕಡೆ ರಿಂಗಾಗುವುದು ಮಾರ್ಸೆಲ್ ಕೂತಲ್ಲಿಗೂ ಕೇಳಿಸುತ್ತಿತ್ತು. ಒಂದು. ಎರಡು.

“ಆ ಚೆಂಡು ಕೈ ಜಾರಿದ್ದು,” ಎಂದ ಮಾರ್ಸೆಲ್.

ಸಿದ್ದೀಕ್‌ಗೆ ಅರ್ಥವಾಗಲಿಲ್ಲ. “ಯಾವ ಚೆಂಡು?”

“ಅದೇ, ಫೈನಲಿನದು. ಎಡಕ್ಕೇ ಕೊಡಬೇಕೆಂದಿದ್ದೆ. ಬೆವರಿನ ಕೈ, ಬೆರಳು ಜಾರಿ ಹಿಂದಕ್ಕೆ ಹೋಯಿತು. ವಿಲ್ಫ್ರೆಡ್ ಅಲ್ಲಿದ್ದದ್ದು ನನ್ನ ಪುಣ್ಯ. ಎಲ್ಲರೂ ಹೆಗಲ ಮೇಲೆ ಹೊತ್ತು ಕುಣಿದರು, ನಾನು ಬಾಯಿ ಮುಚ್ಚಿಕೊಂಡಿದ್ದೆ. ನಾನು ಅಂಥ ಆಟಗಾರ ಏನೂ ಅಲ್ಲ. ನನಗೆ ಸರಿಯಾಗಿ ಬರುವುದು ಸ್ಟೋರಿನ ಕೆಲಸ.”

ಹಾಸ್ಟೆಲಿನ ಹಿಂಬದಿಯ ಗೋಡೆಗೆ ಇದ್ದಿಲಿನಲ್ಲಿ ಒಂದು ವೃತ್ತ ಬರೆದು, ಅದಕ್ಕೆ ಬೆನ್ನು ಹಾಕಿ ನಿಂತು, ಎರಡು ವರ್ಷ ದಿನಾ ಸಂಜೆ ಇನ್ನೂರು ಸಲ ಚೆಂಡು ಎತ್ತಿದವನು ಅವನು. ಅವತ್ತು ಚೆಂಡು ಬೆರಳು ಬಿಡುವಾಗಲೇ ಅದು ಎಲ್ಲಿ ಇಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷದ ಬದುಕಿನಲ್ಲಿ ಎದೆ ತಟ್ಟಿ ನನ್ನದು ಎನ್ನಬಹುದಾದದ್ದು ಆ ಒಂದು ಚೆಂಡು ಮಾತ್ರ. ಅದನ್ನು ತನ್ನ ಬಾಯಿಂದಲೇ ಕಳೆದುಕೊಂಡಿದ್ದ. ಆದರೂ ಮುಖ ತಗ್ಗಿಸಲಿಲ್ಲ.

ಕ್ಲೈವ್ ಫೋನು ಕಟ್ ಮಾಡಿದ. ಸಿದ್ದೀಕ್ ನಿಧಾನವಾಗಿ ಕುಳಿತ. ಊರಿನಿಂದ ಸಾವಿನ ಸುದ್ದಿ ಬಂದವನ ಮುಖ ಅವನದಾಗಿತ್ತು. ಆಮೇಲೆ ಬಯೋಡೇಟಾ ಎಳೆದುಕೊಂಡು ಒಂದೊಂದೇ ಹಾಳೆ ತಿರುವತೊಡಗಿದ.

“ಹದಿನೆಂಟು ವರ್ಷ ಒಂದೇ ಕಂಪನಿಯಾ?”

“ಒಂದೇ.”

“ಪಾಸ್‌ಪೋರ್ಟ್ ಕಾಪಿ ಕ್ಲೈವ್ ಹತ್ತಿರ ಕೊಡಿ. ವೀಸಾದ ಕೆಲಸ ಇವತ್ತೇ ಶುರುವಾಗಲಿ. ನಾಳೆ ಏಳು ಗಂಟೆಗೆ ಬನ್ನಿ. ಏಳು ಅಂದರೆ ಏಳು.” ಬಯ್ಯಲು ಅವನಿಗೆ ಆಗಲೇ ಬಾಯಿ ಬಂದಿತ್ತು.

ಮಾರ್ಸೆಲ್ ಬಾಗಿಲ ತನಕ ಹೋಗಿದ್ದ. ಸಿದ್ದೀಕ್ ತಲೆ ಎತ್ತದೆ ಕರೆದ.

“ಒಂದು ಮಾತು. ಆ ಕೈ ಜಾರಿದ ವಿಷಯ ಇಲ್ಲಿ ಬೇರೆ ಯಾರ ಹತ್ತಿರವೂ ಹೇಳಬೇಡಿ. ನಮ್ಮವರು ನಾಲ್ಕು ಜನ ಸೇರಿದರೆ ಖುಷಿಯಲ್ಲಿ ಮಾತಾಡ್ಲಿಕ್ಕೆ ಇರುವುದು ಆ ಚೆಂಡಿನ ಕಥೆಯೊಂದೇ.”

“ಹೇಳುವುದಿಲ್ಲ,” ಎಂದ ಮಾರ್ಸೆಲ್. ಆ ಸುಳ್ಳನ್ನು ಎರಡನೇ ಸಲ ಹೇಳುವ ಶಕ್ತಿ ಅವನಿಗೂ ಇರಲಿಲ್ಲ.