ಬಚ್ಚಲು ಕೆರೆಯಲು ಬಂದವನು

ರಿಜಿಸ್ಟರ್ ಮದುವೆಯಾಗಿ ವರ್ಷವಾದರೂ ಮಾವ ಈ ಅಳಿಯನನ್ನು ಎದುರಿಗೆ ಕಂಡಿರಲಿಲ್ಲ. ಮಗಳು ಫೋಟೋ ಕಳಿಸಿದರೂ ನೋಡುವುದಿಲ್ಲ ಎಂದು ಹಟ ಹಿಡಿದಿದ್ದರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇನ್ನೆರಡು ದಿನವಿರುವಾಗ, ಹೇಗಾದರೂ ಸಮಾಧಾನ ಮಾಡೋಣವೆಂದು ಅವನೊಬ್ಬನೇ ಬೆಳಿಗ್ಗೆಯೇ ಬಂದು ಬಾಗಿಲು ತಟ್ಟಿದ.

"ಪೇಂಟಿಂಗಿನವನೇನಯ್ಯಾ? ಬಾ ಬಾ, ಬಚ್ಚಲುಮನೆ ಈ ಕಡೆ," ಎಂದರು ಮಾವ.

ಅವನ ಬಾಯಿಂದ "ಹೂಂ ಸಾರ್" ಎಂದು ಬಂದೇಬಿಟ್ಟಿತು.

ಗೋಡೆಯ ಹಳೇ ಹಸಿರು ಆಯಿಲ್ ಪೇಂಟು ಜಪ್ಪಯ್ಯ ಅಂದರೂ ಏಳಲಿಲ್ಲ. ಅವನು ಬಿಸಿನೀರು ಎರಚೆರಚಿ ಕೆರೆದ. ಸ್ವಲ್ಪ ಹೊತ್ತಿಗೆ ಮಾವನೂ ಪಂಚೆ ಎತ್ತಿ ಕಟ್ಟಿ, ದೋಸೆ ಮೊಗಚುವ ಸಟ್ಟುಗ ಹಿಡಿದು ಬಂದರು. ಅಂಗೈಯಗಲದ ಬಣ್ಣದ ಹಕ್ಕಳೆಯೊಂದು ಹಾರಿ ಅವರ ಬೋಳುತಲೆಯ ಮೇಲೆ ಟೋಪಿಯಂತೆ ಕೂತಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುವಿನ ಧೈರ್ಯದಲ್ಲೇ ಅವನು ಕೇಳಿದ: "ನಿಮ್ಮ ಅಳಿಯನ್ನ ಕರೆದಿದ್ರೆ ಅವರೂ ಒಂದು ಕೈ ಹಾಕ್ತಿದ್ರಲ್ವಾ ಸಾರ್?"

"ಆ ಮೈಗಳ್ಳನ ಸುದ್ದಿ ಎತ್ತಬೇಡ. ನೀನು ಕೆರಿ!"

ಸಂಜೆಯ ಹೊತ್ತಿಗೆ ಗೋಡೆ ಬೆಳ್ಳಗಾಗಿ, ಇಬ್ಬರೂ ಅಡಿಯಿಂದ ಮುಡಿಯವರೆಗೆ ಗಿಣಿ ಹಸಿರಾಗಿದ್ದರು. ಮಾವ ಸಿಳ್ಳೆ ಹಾಕುತ್ತಿದ್ದರು. ಅಷ್ಟರಲ್ಲಿ ಬಣ್ಣದ ಡಬ್ಬಿ ಹಿಡಿದವನೊಬ್ಬ ಒಳಗೆ ಇಣುಕಿದ. ಅಳಿಯ ಬಾಗಿಲ ಮರೆಗೆ ಸರಿದ.

"ಸಾರ್, ಬೆಳಿಗ್ಗೆ ಫೋನ್ ಮಾಡಿ ಇವತ್ತು ಬರಬೇಡ ಅಂದ್ರಿ. ನಾಳೆಯಾದ್ರೂ ಬರ್ಲಾ?"

ಮಾವ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ನಾಳೆನೂ ಬೇಡಪ್ಪಾ. ಫೋಟೋದಲ್ಲಿದ್ದ ನಮ್ಮ ಅಳಿಯಂದಿರೇ ಬಂದಿದ್ದಾರೆ, ಹಬ್ಬ ಮುಗಿಸ್ಕೊಂಡೇ ಹೋಗ್ತಾರೆ."