ಡಿಸ್ಕು ಇವಳದು, ಡಬ್ಬಿ ಅವಳದು

ಕೀರ್ತನಾ ಬರಲು ಇನ್ನೊಂದು ಗಂಟೆಯೂ ಇಲ್ಲ ಎನ್ನುವಾಗ, ಬೆಳಗಿನಿಂದ ಹುಡುಕುತ್ತಿದ್ದ ಸಿ.ಡಿ.ಗಳು ಬಿಂದುಶ್ರೀಯ ಕಣ್ಣಿಗೆ ಬಿದ್ದವು. ಬೀರುವಿನಲ್ಲಲ್ಲ, ಅಟ್ಟದ ಮೇಲಲ್ಲ. ಬಾಲ್ಕನಿಯಲ್ಲಿ, ಕರಿಬೇವಿನ ಕುಂಡದ ಮೇಲೆ, ಹೂ ಕಟ್ಟುವ ದಾರದಲ್ಲಿ ನಾಲ್ಕೂ ಸಾಲಾಗಿ ನೇತಾಡುತ್ತಿದ್ದವು. ಪಾರಿವಾಳ ಓಡಿಸಲು ಅತ್ತೆ ರಾಮಮ್ಮ ಕಟ್ಟಿದ್ದರು. ವರ್ಷದಿಂದ ಅವುಗಳ ಕೆಳಗೇ ನಿಂತು ಬಟ್ಟೆ ಒಣಗಿಸಿದ ಮಹಾರಾಯಿತಿ ಬಿಂದುಶ್ರೀ, ಯಾವುದೋ ಹಳೇ ಸಿನಿಮಾ ಇರಬೇಕೆಂದುಕೊಂಡು ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಪಾರಿವಾಳಗಳೂ ಹೆದರಿದಂತಿರಲಿಲ್ಲ, ಒಂದು ಡಿಸ್ಕಿನ ಮೇಲೆ ಬಂದುಹೋದ ಗುರುತು ಬಿಟ್ಟಿದ್ದವು.

“ಡಬ್ಬಿ ಇರ್ಲಿಲ್ವಲ್ಲಮ್ಮ,” ಎಂದರು ರಾಮಮ್ಮ, ಅವಳ ಮುಖ ನೋಡಿ. “ಡಬ್ಬಿ ಇಲ್ಲದ್ದು ಯಾರಿಗ್ ಬೇಕಾಗುತ್ತೆ ಅಂದ್ಕೊಂಡೆ.”

ಅತ್ತೆಯದು ತಪ್ಪೆನ್ನುವಂತಿರಲಿಲ್ಲ. ಡಬ್ಬಿಗಳು ಇದ್ದದ್ದು ಮಾರೇನಹಳ್ಳಿಯಲ್ಲಿ, ಕೀರ್ತನಾಳ ಮನೆಯಲ್ಲಿ. ಕಾಲೇಜಿನ ದಿನಗಳಲ್ಲಿ ಗೆಳತಿಯರಿಬ್ಬರೂ ಬಸ್ಸಿನ ಕಾಸು ಉಳಿಸಿ, ನಡೆದು ನಡೆದು, ‘ಪೇಪರ್ ಆರ್ಕೇಡ್’ ಎಂಬ ಇಂಗ್ಲಿಷ್ ಬ್ಯಾಂಡಿನ ನಾಲ್ಕು ಆಲ್ಬಮ್ ಕೊಂಡಿದ್ದರು. ಪಿಟೀಲಿನ ಜೊತೆಗೆ ಟೈಪ್‌ರೈಟರ್ ಕುಟ್ಟುವ, ಹಾಡಿನ ಮಧ್ಯೆ ಯಾರೋ ಹಾಲಿನ ಲೆಕ್ಕ ಓದುವ, ಆರ್ಟ್ ಪಾಪ್ ಎಂಬ ವಿಚಿತ್ರ ಸಂಗೀತ. ಇಡೀ ಕ್ಲಾಸಿನಲ್ಲಿ ಅದನ್ನು ಸಹಿಸಿಕೊಂಡವರು ಇವರಿಬ್ಬರೇ. ಪ್ಲೇಯರ್ ಇದ್ದದ್ದು ಬಿಂದುಶ್ರೀ ಮನೆಯಲ್ಲಿ, ಹಾಗಾಗಿ ಡಿಸ್ಕು ಅವಳಿಗೆ. ಹಾಡಿನ ಸಾಲುಗಳಿದ್ದ ಪುಟ್ಟ ಪುಸ್ತಕ, ಡಬ್ಬಿಯ ಸಮೇತ, ಕೀರ್ತನಾಗೆ. ಅವಳಿಗೆ ಹಾಡು ಕೇಳಬೇಕೆಂದರೆ ಇವಳ ಮನೆಗೆ ಬರಬೇಕು, ಇವಳಿಗೆ ಸಾಲು ಬೇಕೆಂದರೆ ಅವಳನ್ನು ಕರೆಯಬೇಕು. ಆಮೇಲೆ ಮದುವೆ, ಮಕ್ಕಳು. ಜಗಳವಾಡಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ಇವರು ಜಗಳವಾಡಲಿಲ್ಲ, ಸುಮ್ಮನೆ ಹೋಗಿಬರುವುದು ನಿಂತಿತು. ಬಿಂದುಶ್ರೀ ಇದ್ದ ಬಸವೇಶ್ವರನಗರದಿಂದ ಮಾರೇನಹಳ್ಳಿಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಹದಿನೆಂಟು ವರ್ಷ ಸಿಗಲಿಲ್ಲ.

ಹೋದ ವಾರ ರಾಜಾಜಿನಗರದ ಒಂದು ಅಂಗಡಿಯಲ್ಲಿ ಆ ಬ್ಯಾಂಡಿನ ಮೊದಲ ಆಲ್ಬಮ್ಮು, ಹೊಸದಾಗಿ ಅಚ್ಚು ಹಾಕಿದ ದೊಡ್ಡ ಕಪ್ಪು ಎಲ್.ಪಿ. ರೆಕಾರ್ಡಾಗಿ ಕಂಡಿತು. ಬಿಂದುಶ್ರೀ ಹಿಂದೆಮುಂದೆ ನೋಡದೆ ತಂದು, ಮಾವನವರ, ಸುಪ್ರಭಾತ ಬಿಟ್ಟು ಬೇರೇನೂ ಹಾಡಿ ಗೊತ್ತಿಲ್ಲದ ರೆಕಾರ್ಡ್ ಪ್ಲೇಯರಿಗೆ ಹಾಕಿದಳು. ರಾಗವೆಲ್ಲ ಬಾಯಿಗೆ ಬಂತು, ಎರಡನೇ ಚರಣದ ಮಾತು ಬರಲಿಲ್ಲ. ಫೋನಿನಲ್ಲಿ ಹುಡುಕಿದ್ದರೆ ಅರೆಗಳಿಗೆಯಲ್ಲಿ ಸಿಗುತ್ತಿತ್ತು. ಅವಳು ಹುಡುಕಲಿಲ್ಲ, ಆ ಸಾಲು ಕೇಳಿ ಕೀರ್ತನಾಗೆ ಮೆಸೇಜ್ ಹಾಕಿದಳು. ಸಾಲಿನ ಬದಲು, ‘ಭಾನುವಾರ ಡಬ್ಬಿ ತರುತ್ತೇನೆ, ಡಿಸ್ಕು ತೆಗೆದಿಟ್ಟಿರು’ ಎಂಬ ಉತ್ತರ ಬಂತು. ಅದನ್ನು ಅವಳು ಎಷ್ಟು ಸಲ ಓದಿದಳೋ.

ಈಗ ಆ ಡಿಸ್ಕುಗಳನ್ನು ದಾರ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿದಳು. ಬಿಸಿಲಿಗೆ ಬಣ್ಣ ಹಾರಿ, ಗೀರು ಬಿದ್ದು, ಯಾವ ಪ್ಲೇಯರೂ ಮುಟ್ಟದ ಸ್ಥಿತಿ. ಅಷ್ಟು ವರ್ಷ ಡಬ್ಬಿ ಕಾಪಾಡಿಕೊಂಡು ಬಂದವಳಿಗೆ ಏನೆಂದು ತೋರಿಸುವುದು? ಮನೆ ಬದಲಾಯಿಸುವಾಗ ಕಳೆದವು ಎನ್ನೋಣವೆನ್ನಿಸಿತು. ಇದನ್ನು ನೋಡಿದ ಮೇಲೆ ಅವಳು ಇನ್ನೊಮ್ಮೆ ಯಾಕೆ ಬಂದಾಳು? ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು.

ಕೀರ್ತನಾ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಬಿಂದುಶ್ರೀ ಸುಳ್ಳು ಹೇಳಲಾರದೆ ಡಿಸ್ಕುಗಳನ್ನು ಸುಮ್ಮನೆ ಮುಂದಿಟ್ಟು, ಪಾರಿವಾಳದ ಕಥೆ ಒದರಿಬಿಟ್ಟಳು. ಕೀರ್ತನಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದಳು.

“ನನ್ನದೇನು ಭಾಳ ಚೆನ್ನಾಗಿದೆ ಅಂದ್ಕೊಂಡ್ಯಾ?” ಎಂದು ಬ್ಯಾಗಿಗೆ ಕೈ ಹಾಕಿ ಡಬ್ಬಿಗಳನ್ನು ತೆಗೆದಳು. ಪುಸ್ತಕದ ಹಾಳೆಗಳೆಲ್ಲ ಎಣ್ಣೆ, ಅರಿಶಿನದ ಬೆರಳಚ್ಚು. ಮನೆಯಲ್ಲಿ ಈ ಹಾಡು ಹಾಕುವವರಿರಲಿಲ್ಲವಂತೆ. ಒಗ್ಗರಣೆ ಹಾಕುತ್ತಾ ಓದಿಕೊಂಡು ತಾನೇ ಹಾಡಿಕೊಳ್ಳುತ್ತಿದ್ದಳಂತೆ.

ಎಲ್.ಪಿ. ಹಾಕಿದರು. ಕೀರ್ತನಾಗೆ ಒಂದಕ್ಷರ ತಪ್ಪದೆ ಮಾತು ಬರುತ್ತಿತ್ತು, ಆದರೆ ರಾಗ ಎಲ್ಲೆಲ್ಲೋ ಹೋಗಿ ಜೋಗುಳದ ಹತ್ತಿರ ಬಂದಿತ್ತು. ಬಿಂದುಶ್ರೀಗೆ ರಾಗ ಇತ್ತು, ಮಾತಿನ ಜಾಗದಲ್ಲಿ ಬರೀ ಗುಂಯ್‌ಗುಟ್ಟುವಿಕೆ. ಇಬ್ಬರೂ ಸೇರಿ ಅಂತೂ ಒಂದು ಹಾಡು ಆಯಿತು. ರಾಮಮ್ಮ ಬಾಗಿಲ ಹತ್ತಿರ ಬಂದು ನೋಡಿ, ಕಾಫಿಗಿಡಲು ಒಳಗೆ ಹೋದರು.

ಹಾಳಾದ ಡಿಸ್ಕುಗಳನ್ನು ಬಿಂದುಶ್ರೀ ಒಂದೊಂದಾಗಿ ಡಬ್ಬಿಯಲ್ಲಿ ಕೂರಿಸಿದಳು. ಮೂರು ಡಬ್ಬಿ ಮುಚ್ಚಿದವು, ಒಂದು ಡಿಸ್ಕು ಕೈಯಲ್ಲೇ ಉಳಿಯಿತು. ನಾಲ್ಕನೆಯದೆಲ್ಲಿ ಎಂದು ಕೇಳಿದಳು.

“ಹುಡುಕ್ದೆ ಕಣೇ, ಸಿಗ್ಲಿಲ್ಲ,” ಎಂದಳು ಕೀರ್ತನಾ, ಕಾಫಿ ಲೋಟದೊಳಗೆ ನೋಡುತ್ತಾ. “ಸಿಕ್ಕಿದ್ರೆ ಇನ್ನೊಂದ್ಸಲ ಬಂದು ಕೊಡ್ತೀನಿ.”

ಮಧ್ಯಾಹ್ನವಾಯಿತು. ಹೊರಟು ನಿಂತ ಕೀರ್ತನಾ, ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿ, ಬ್ಯಾಗನ್ನು ಬಿಂದುಶ್ರೀಯ ಕೈಗೆ ಕೊಟ್ಟಳು. ಜಿಪ್ಪು ಅರ್ಧ ತೆರೆದಿತ್ತು. ಒಳಗೆ, ಕರ್ಚೀಫಿನಡಿ, ನಾಲ್ಕನೆಯ ಡಬ್ಬಿಯ ಮೂಲೆ ಕಾಣುತ್ತಿತ್ತು.

ಬಿಂದುಶ್ರೀ ಸದ್ದಾಗದಂತೆ ಜಿಪ್ಪು ಎಳೆದು ಬ್ಯಾಗು ವಾಪಸು ಕೊಟ್ಟಳು.

“ಸಿಗದೇ ಇದ್ರೂ ಬಾರೇ,” ಎಂದಳು.