ಎದೆಯ ಮೇಲಿನ ಗಾಯ

ಅಂಗಿಯ ಗುಂಡಿ ಬಿಚ್ಚಿದವಳು ಹಾಗೇ ನಿಂತುಬಿಟ್ಟಳು. ರಾಷ್ಟ್ರಪಿತನ ಎದೆಯ ಮೇಲೆ ಗಾಯದ ಗುರುತೇ ಇರಲಿಲ್ಲ.

ಶಾಲೆಯ ಮೆಟ್ಟಿಲು ಹತ್ತಿದ ಪ್ರತಿ ಮಗುವಿಗೂ ಆ ಗಾಯದ ಕಥೆ ಬಾಯಿಪಾಠ. ಸೇತುವೆಯ ಮೇಲೆ ಎಲ್ಲರಿಗಿಂತ ಮುಂದೆ ನಿಂತು ಎದೆಗೆ ಗುಂಡು ತಿಂದು, ಬದುಕಿ ಬಂದು ದೇಶ ಕಟ್ಟಿದವನು. ಕೊನೆಯವರೆಗೂ ಕುತ್ತಿಗೆತನಕ ಗುಂಡಿ ಹಾಕಿದ ಕೋಟು ಬಿಟ್ಟು ಬೇರೆ ತೊಟ್ಟವನಲ್ಲ. ಗಾಯ ತೋರಿಸಿ ಮೆರೆಯದ ದೊಡ್ಡ ಮನುಷ್ಯ ಎಂದು ಜನ ಅದನ್ನೂ ಹೊಗಳುತ್ತಿದ್ದರು.

ಹೆಣಗಳಿಗೆ ಅಲಂಕಾರ ಮಾಡುವುದು ಅವಳ ಕಸುಬು. ಈ ಹೆಣದಿಂದ ಮಾತ್ರ ಅವಳಿಗೆ ಹಳೆಯ ಬಾಕಿ ಬರಬೇಕಿತ್ತು. ಅದೇ ಸೇತುವೆಯಿಂದ ಬೆನ್ನು ತೋರಿಸಿ ಓಡಿದ ದ್ರೋಹಿ ಎಂದು ಅವಳ ಅಣ್ಣನನ್ನು ಗಲ್ಲಿಗೇರಿಸಿದವನು ಇವನೇ. "ಮುಂದಿನ ಸಲ ಬರುವಾಗ ಸೊಸೆ ಕರ್ಕೊಂಡು ಬರ್ತೀನಿ ಅಮ್ಮ" ಎಂದು ಹೋದ ಅಣ್ಣ ಹೆಣವಾಗಿ ಬಂದ. ಮೈ ತೊಳೆಯುವಾಗ ಅಮ್ಮ ಕಂಡದ್ದು, ಎದೆಯ ಮೇಲೆ ಇನ್ನೂ ಮಾಗದ ಗುಂಡಿನ ಗಾಯ. ಓಡಿದವನಿಗೆ ಎದೆಗೆ ಗುಂಡು ಹೇಗೆ ಬಿತ್ತು? ಅಮ್ಮ ಸಾಯುವವರೆಗೂ ಕೇಳಿದಳು. ಉತ್ತರ ಈಗ ಮೇಜಿನ ಮೇಲೆ ತಣ್ಣಗೆ ಮಲಗಿತ್ತು.

ಬಾಗಿಲು ತೆರೆಯಿತು. ಒಳಗೆ ಬಂದವಳು ಸತ್ತವನ ಹೆಂಡತಿ, ದೇಶವೆಲ್ಲ ತಾಯಿ ಎಂದು ಕರೆಯುವ ಮುದುಕಿ. ಗಂಡನ ಮುಖದತ್ತ ಅವಳು ನೋಡಲಿಲ್ಲ. ಕಣ್ಣೂ ಒದ್ದೆಯಾಗಿರಲಿಲ್ಲ.

"ಗಾಯ ಇಲ್ಲ ಅಮ್ಮ."

"ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿರಲ್ವಾ? ನೀನೇ ಒಂದು ಮಾಡು. ಎದೆ ತೆರೆದೇ ಮಲಗಿಸಿ ಅಂತ ಮಂತ್ರಿಗಳಿಗೆ ಹೇಳಿದೀನಿ. ಜನ ನೋಡಲಿ."

ಅಲಂಕಾರದವಳು ತನ್ನ ಪೆಟ್ಟಿಗೆ ತೆರೆದಳು. ಸತ್ತ ಮೇಲೂ ಅಣ್ಣನ ಗಾಯ ಕದಿಯುವ ಜನ. ಪೆಟ್ಟಿಗೆಯಲ್ಲಿ ಗಟ್ಟಿ ಮೇಣವಿತ್ತು, ಮೆತ್ತನೆಯದೂ ಇತ್ತು. ಮೆತ್ತನೆಯದು ಸ್ವಲ್ಪ ಬಿಸಿ ತಾಗಿದರೂ ಕರಗುತ್ತದೆ. ಅವಳು ಅದನ್ನೇ ತೆಗೆದುಕೊಂಡಳು. ಬಣ್ಣ ಕಲೆಸಿ, ಅಂಚು ಸುಕ್ಕಾಗಿಸಿ, ಅಮ್ಮ ವರ್ಣಿಸಿದ್ದ ಗಾಯವನ್ನೇ ತಿದ್ದಿದಳು.

ಮುದುಕಿ ಬಗ್ಗಿ ಉಗುರು ಒತ್ತಿದಳು. ಗುರುತು ಉಳಿಯಿತು.

"ಮೆತ್ತಗಿದೆ."

"ಒಣಗುತ್ತೆ ಅಮ್ಮ." ಅವಳು ಪೆಟ್ಟಿಗೆ ಮುಚ್ಚಿದಳು.

ಮುದುಕಿ ಅವಳ ಮುಖವನ್ನೇ ನೋಡಿದಳು. "ಊರಲ್ಲಿ ಎಷ್ಟೋ ಜನ ಈ ಕೆಲಸ ಮಾಡ್ತಾರೆ. ನಿನ್ನನ್ನೇ ಕರೆಸಿ ಅಂದಿದ್ದು ನಾನು." ಅಷ್ಟು ಹೇಳಿ ಗುರುತನ್ನು ಬೆರಳಿನಿಂದ ಸವರಿ ಹೊರಟುಹೋದಳು.

ಸಿಕ್ಕಿಬಿದ್ದೆ ಎಂದುಕೊಂಡಳು ಅವಳು. ದರ್ಶನಕ್ಕಿಟ್ಟ ಸಭಾಂಗಣದಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಕಾದಿತ್ತು. ಹೆಣ ಕೆಡದಿರಲೆಂದು ಒಳಗೆ ಕೊರೆಯುವಂಥ ತಂಪು ಮಾಡಿದ್ದರು. ಮೇಣ ಕಲ್ಲಿನಂತೆ ಕೂತಿತ್ತು. ಜನ ಸಾಲಾಗಿ ಬಂದು, ಗಾಯಕ್ಕೆ ಕೈ ಮುಗಿದು, ಅಳುತ್ತ ಹೋಗುತ್ತಿದ್ದರು. ಗೋಡೆಗೊರಗಿ ನಿಂತ ಅವಳು ಹಲ್ಲು ಕಚ್ಚಿದಳು. ತನ್ನ ಕೈಯಿಂದಲೇ ಸುಳ್ಳಿಗೆ ಜೀವ ಬಂದಿತ್ತು.

ಆಗ ಮುದುಕಿ ಕುರ್ಚಿಯಿಂದ ಎದ್ದಳು. "ಜನಕ್ಕೆ ಸರಿಯಾಗಿ ಕಾಣ್ತಿಲ್ಲ. ಟಿವಿಯವರ ದೀಪ ಹತ್ತಿರ ತನ್ನಿ. ಇನ್ನೂ ಹತ್ತಿರ."

ದೀಪಗಳು ಎದೆಯ ಮೇಲೆ ಬಾಗಿದವು. ಗಾಯ ಮೊದಲು ಬೆವರಿತು. ಆಮೇಲೆ ಜಾರಿತು. ಕೆಂಪು ಮೇಣ ಬಿಳಿ ಅಂಗಿಯ ಮೇಲೆ ಹರಿಯಿತು. ಸಾಲಿನಲ್ಲಿದ್ದ ಮುದಿ ಸೈನಿಕನೊಬ್ಬ ನಿಂತ. ಬೆರಳಿನಿಂದ ಒರೆಸಿ ನೋಡಿದ. ಕೆಳಗೆ ನಯವಾದ ಚರ್ಮ. ದೇಶವೆಲ್ಲ ಟಿವಿಯ ಮುಂದೆ ಕೂತಿತ್ತು.

ಮಂತ್ರಿಯೊಬ್ಬ ಬಾವುಟ ಎಳೆದು ಹೊದಿಸಲು ಓಡಿ ಬಂದ. ಮುದುಕಿ ಅವನ ಕೈ ಹಿಡಿದಳು. "ಮುಚ್ಚಿದ್ದು ಸಾಕು."

ಗದ್ದಲದ ನಡುವೆ ಆ ಮುದುಕಿ ನೆಟ್ಟಗೆ ಗೋಡೆಯ ಕಡೆಗೇ ನಡೆದು ಬಂದಳು. ಅಲಂಕಾರದವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಮುದುಕಿ ಅವಳ ಮೇಣ ಮೆತ್ತಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನಿಮ್ಮಣ್ಣ ನನ್ನನ್ನ ಮದುವೆಯಾದ ವಾರಕ್ಕೇ, ನಾದಿನಿ, ಇವನು ಅವರನ್ನ ಗಲ್ಲಿಗೆ ಹಾಕಿಸಿದ್ದು."